ರೇಯ್ಡ್ ಸಮೂಹಗಳಲ್ಲಿ ಹಾರ್ಡ್ ಡ್ರೈವ್ ದೋಷ ಚೇತರಿಕೆ ನಿಯಂತ್ರಣ

ಓದಲು ಅಥವಾ ಬರೆಯಲು ಆಗದ ಸೆಕ್ಟರ್ ಎದುರಾದಾಗ ಹಾರ್ಡ್ ಡ್ರೈವ್ ಎಷ್ಟು ಹೊತ್ತು ತಾನೇ ಪ್ರಯತ್ನಿಸಬೇಕು, ಯಾವಾಗ ಕೈಬಿಟ್ಟು ದೋಷವನ್ನು ವರದಿ ಮಾಡಬೇಕು ಎಂಬುದನ್ನು ಗೊತ್ತುಪಡಿಸುವ ವ್ಯವಸ್ಥೆಯೇ ದೋಷ ಚೇತರಿಕೆ ನಿಯಂತ್ರಣ. ಒಂದೇ ಡ್ರೈವ್ ಇರುವ ಗಣಕದಲ್ಲಿ ದತ್ತಾಂಶದ ಬೇರೆ ಪ್ರತಿ ಇರುವುದಿಲ್ಲವಾದ್ದರಿಂದ ಡ್ರೈವ್ ಹಟ ಹಿಡಿದು ನಿಮಿಷಗಟ್ಟಲೆ ಪ್ರಯತ್ನಿಸುವುದು ಸರಿಯೇ. ಹಲವು ಡ್ರೈವ್‌ಗಳನ್ನು ಒಗ್ಗೂಡಿಸಿದ ರೇಯ್ಡ್ ಸಮೂಹದಲ್ಲಿ ಆ ಹಟವೇ ಅಪಾಯಕ್ಕೆ ದಾರಿಯಾಗುತ್ತದೆ. ಡ್ರೈವ್ ಇನ್ನೂ ಪ್ರಯತ್ನದಲ್ಲಿರುವಾಗಲೇ ಅದನ್ನು ಕಾಯುತ್ತಿರುವ ಕಂಟ್ರೋಲರ್ ಅಥವಾ ಕಾರ್ಯಾಚರಣ ವ್ಯವಸ್ಥೆಯ ಗಡುವು ಮುಗಿದರೆ, ಒಂದು ಸೆಕ್ಟರ್‌ನ ದೋಷಕ್ಕಾಗಿ ಇಡೀ ಡ್ರೈವನ್ನೇ ಸಮೂಹದಿಂದ ಹೊರಹಾಕಲಾಗುತ್ತದೆ. ಆದ್ದರಿಂದ ಡ್ರೈವ್‌ನ ಒಳಗಿನ ಗಡುವು ಅದನ್ನು ಕಾಯುವವರ ಗಡುವಿಗಿಂತ ಕಡಿಮೆ ಇರುವಂತೆ ಹೊಂದಿಸುವುದು ರೇಯ್ಡ್ ನಿರ್ವಹಣೆಯ ಮೂಲಭೂತ ಕೆಲಸಗಳಲ್ಲಿ ಒಂದು.

ಸೆಕ್ಟರ್ ದೋಷದ ಸ್ವರೂಪ

ಹಾರ್ಡ್ ಡ್ರೈವ್ ದತ್ತಾಂಶವನ್ನು 512 ಬೈಟ್ ಅಥವಾ 4096 ಬೈಟ್ ಗಾತ್ರದ ಸೆಕ್ಟರ್‌ಗಳಲ್ಲಿ ಇಡುತ್ತದೆ. ಪ್ರತಿ ಸೆಕ್ಟರ್‌ನ ಜೊತೆ ದೋಷ ತಿದ್ದುವ ಸಂಕೇತವೂ ಬರೆಯಲ್ಪಟ್ಟಿರುತ್ತದೆ. ಓದುವಾಗ ಕೆಲವು ಬಿಟ್‌ಗಳು ತಪ್ಪುವುದು ಡ್ರೈವ್‌ಗೆ ದಿನನಿತ್ಯದ ಸಂಗತಿ; ಸಂಕೇತದ ನೆರವಿನಿಂದ ಅವು ಕ್ಷಣಮಾತ್ರದಲ್ಲಿ ಸರಿಯಾಗುತ್ತವೆ. ತಪ್ಪುಗಳು ಸಂಕೇತದ ಶಕ್ತಿಯನ್ನು ಮೀರಿದಾಗ ಡ್ರೈವ್‌ನ ಫರ್ಮ್‌ವೇರ್ ಚೇತರಿಕೆಯ ಕ್ರಮಗಳನ್ನು ಆರಂಭಿಸುತ್ತದೆ. ಅದೇ ಸೆಕ್ಟರನ್ನು ಮತ್ತೆ ಮತ್ತೆ ಓದುವುದು, ಹೆಡ್‌ನ ಸ್ಥಾನವನ್ನು ಪಥದ ಆಚೀಚೆ ತುಸು ಸರಿಸಿ ನೋಡುವುದು, ಸಂಕೇತ ಗ್ರಹಣದ ಮಾನಗಳನ್ನು ಬದಲಿಸುವುದು ಇವುಗಳಲ್ಲಿ ಸೇರಿವೆ.

ಪ್ರತಿ ಮರುಓದಿಗೂ ತಟ್ಟೆ ಒಂದು ಸುತ್ತು ತಿರುಗಿ ಬರಬೇಕು. ನಿಮಿಷಕ್ಕೆ 7200 ಸುತ್ತು ತಿರುಗುವ ಡ್ರೈವ್‌ನಲ್ಲಿ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು ಹಿಡಿಯುತ್ತದೆ. ಅಂದರೆ 7 ಸೆಕೆಂಡಿನಲ್ಲಿ 840 ಸುತ್ತುಗಳಾಗುತ್ತವೆ, ಎರಡು ನಿಮಿಷದಲ್ಲಿ 14,400. ಓದಬಲ್ಲ ಸೆಕ್ಟರ್ ಸಾಮಾನ್ಯವಾಗಿ ಮೊದಲ ಕೆಲವು ಪ್ರಯತ್ನಗಳಲ್ಲೇ ದಕ್ಕುತ್ತದೆ. ಆಮೇಲಿನ ಪ್ರಯತ್ನಗಳಿಂದ ಸಿಗುವ ಫಲ ಕಡಿಮೆಯಾಗುತ್ತ ಹೋಗುತ್ತದೆ. ಮನೆ ಬಳಕೆಯ ಡ್ರೈವ್‌ಗಳಲ್ಲಿ ಇಂಥ ಪ್ರಯತ್ನ ಎರಡು ನಿಮಿಷಕ್ಕೂ ಮೀರಿ ಎಳೆಯಬಹುದು. ಆ ಹೊತ್ತಿನಲ್ಲಿ ಡ್ರೈವ್ ಬೇರೆ ಆಜ್ಞೆಗಳಿಗೂ ಉತ್ತರಿಸದೆ ಇರುವುದುಂಟು.

ಯಾವ ಸೆಕ್ಟರ್ ಕೆಟ್ಟಿದೆ ಎಂಬುದು ಅದನ್ನು ಓದಲು ಹೋಗುವವರೆಗೆ ತಿಳಿಯುವುದಿಲ್ಲ. ಇಂಥ ಸುಪ್ತ ದೋಷಗಳು ಅಪರೂಪವೇನಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಮತ್ತು ನೆಟ್‌ಆಪ್ ಸಂಸ್ಥೆಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 32 ತಿಂಗಳ ಅವಧಿಯಲ್ಲಿ 15.3 ಲಕ್ಷ ಡ್ರೈವ್‌ಗಳನ್ನು ಗಮನಿಸಲಾಗಿತ್ತು, ಅವುಗಳಲ್ಲಿ ಶೇ. 3.45ರಷ್ಟು ಡ್ರೈವ್‌ಗಳಲ್ಲಿ ಕನಿಷ್ಠ ಒಂದಾದರೂ ಸುಪ್ತ ಸೆಕ್ಟರ್ ದೋಷ ಕಂಡುಬಂತು. ತಯಾರಕರ ವಿವರಪಟ್ಟಿಗಳಲ್ಲಿ ಮನೆ ಬಳಕೆಯ ಡ್ರೈವ್‌ಗಳಿಗೆ 10ರ 14ನೆಯ ಘಾತದಷ್ಟು ಬಿಟ್‌ಗಳನ್ನು ಓದಿದಾಗ ಹೆಚ್ಚೆಂದರೆ ಒಂದು ತಿದ್ದಲಾಗದ ದೋಷ ಎಂಬ ಮಿತಿ ಸಾಮಾನ್ಯವಾಗಿ ಇರುತ್ತದೆ. ಇದು 12.5 ಟೆರಾಬೈಟ್‌ಗೆ ಸಮ. ಉದ್ದಿಮೆ ದರ್ಜೆಯ ಡ್ರೈವ್‌ಗಳಿಗೆ ಈ ಮಿತಿ ಅದರ ಹತ್ತುಪಟ್ಟು. ಇವು ತಯಾರಕರು ಒಪ್ಪಿಕೊಂಡ ಗರಿಷ್ಠ ಮಿತಿಗಳೇ ಹೊರತು ಅಳೆದು ಹೇಳಿದ ಸರಾಸರಿಗಳಲ್ಲ.

ರೇಯ್ಡ್ ಸಮೂಹ ದೋಷವನ್ನು ಸರಿಪಡಿಸುವ ಬಗೆ

ರೇಯ್ಡ್ ಕಲ್ಪನೆಗೆ ಆ ಹೆಸರು ಬಂದದ್ದು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕ್ಯಾಟ್ಜ್ 1988ರಲ್ಲಿ ಮಂಡಿಸಿದ ಪ್ರಬಂಧದಿಂದ. ಅಗ್ಗದ ಹಲವು ಡ್ರೈವ್‌ಗಳನ್ನು ಸೇರಿಸಿ, ಹೆಚ್ಚುವರಿ ಮಾಹಿತಿಯನ್ನು ಅವುಗಳಲ್ಲೇ ಹರಡಿಟ್ಟರೆ, ಒಂದು ಡ್ರೈವ್ ಕೆಟ್ಟರೂ ದತ್ತಾಂಶ ಉಳಿಯುತ್ತದೆ ಎಂಬುದು ಅದರ ತಿರುಳು. ರೇಯ್ಡ್ 1 ಪ್ರತಿಯೊಂದು ದತ್ತಾಂಶಕ್ಕೂ ಪೂರ್ಣ ನಕಲನ್ನು ಇಡುತ್ತದೆ. ರೇಯ್ಡ್ 5 ಒಂದು ಡ್ರೈವ್‌ನಷ್ಟು ಪ್ಯಾರಿಟಿಯನ್ನು, ರೇಯ್ಡ್ 6 ಎರಡು ಡ್ರೈವ್‌ಗಳಷ್ಟು ಪ್ಯಾರಿಟಿಯನ್ನು ಹೊಂದಿರುತ್ತವೆ. ರೇಯ್ಡ್ 0ರಲ್ಲಿ ಹೆಚ್ಚುವರಿ ಮಾಹಿತಿ ಇರುವುದೇ ಇಲ್ಲ.

ಡ್ರೈವೊಂದು ಸೆಕ್ಟರ್ ಓದಲಾಗಲಿಲ್ಲ ಎಂದು ಸಕಾಲದಲ್ಲಿ ತಿಳಿಸಿದರೆ ಸಮೂಹದ ಕೆಲಸ ಸುಲಭ. ಲಿನಕ್ಸ್‌ನ ಎಂಡಿ ಚಾಲಕ ತಂತ್ರಾಂಶವು ಆ ಸೆಕ್ಟರ್‌ನಲ್ಲಿ ಇರಬೇಕಾದ ದತ್ತಾಂಶವನ್ನು ಉಳಿದ ಡ್ರೈವ್‌ಗಳ ನಕಲಿನಿಂದಲೋ ಪ್ಯಾರಿಟಿಯಿಂದಲೋ ಲೆಕ್ಕ ಹಾಕಿ ಕೇಳಿದವರಿಗೆ ಒದಗಿಸುತ್ತದೆ. ಬಳಿಕ ಅದೇ ದತ್ತಾಂಶವನ್ನು ಕೆಟ್ಟ ಸೆಕ್ಟರ್‌ನ ಮೇಲೆ ಮರಳಿ ಬರೆಯುತ್ತದೆ. ಬರಹ ಬಂದಾಗ ಡ್ರೈವ್ ಆ ಜಾಗವನ್ನು ಪರೀಕ್ಷಿಸಿ, ಮೇಲ್ಮೈ ನಿಜವಾಗಿ ಹಾಳಾಗಿದ್ದರೆ ಮೀಸಲು ಸೆಕ್ಟರ್ ಒಂದನ್ನು ಅದರ ಬದಲಿಗೆ ನೇಮಿಸುತ್ತದೆ; ಹಾಳಾಗಿರದಿದ್ದರೆ ಹಳೆಯ ಜಾಗವನ್ನೇ ಬಳಸಿಕೊಳ್ಳುತ್ತದೆ. ಬಳಕೆದಾರರಿಗೆ ಕೆಲವು ಸೆಕೆಂಡುಗಳ ತಡವೊಂದೇ ಕಾಣುತ್ತದೆ. ಸಮೂಹ ಪೂರ್ಣವಾಗಿಯೇ ಉಳಿಯುತ್ತದೆ.

ಗಡುವುಗಳು ತಾಳೆಯಾಗದಿದ್ದರೆ

ಲಿನಕ್ಸ್ ಕರ್ನಲ್ ಪ್ರತಿ ಡ್ರೈವ್ ಆಜ್ಞೆಗೂ ಒಂದು ಗಡುವು ಇಟ್ಟುಕೊಳ್ಳುತ್ತದೆ. ಅದರ ಪೂರ್ವನಿಗದಿತ ಮೌಲ್ಯ 30 ಸೆಕೆಂಡು. ಡ್ರೈವ್ ಎರಡು ನಿಮಿಷ ಪ್ರಯತ್ನಿಸುವಂಥದ್ದಾದರೆ, 30ನೆಯ ಸೆಕೆಂಡಿಗೆ ಕರ್ನಲ್ ತಾಳ್ಮೆ ಕಳೆದುಕೊಂಡು ಆಜ್ಞೆಯನ್ನು ರದ್ದುಪಡಿಸಲು ನೋಡುತ್ತದೆ. ಡ್ರೈವ್ ಓಗೊಡದಿದ್ದಾಗ ಸಂಪರ್ಕವನ್ನೇ ಮರುಹೊಂದಿಸುತ್ತದೆ. ಸೆಕ್ಟರ್ ಹುಡುಕಾಟದಲ್ಲಿ ಮುಳುಗಿದ ಡ್ರೈವ್ ಅದಕ್ಕೂ ಸ್ಪಂದಿಸದೆ ಹೋಗಬಹುದು. ಈ ನಡುವೆ ಎಂಡಿ ಚಾಲಕವು ಓದು ವಿಫಲವಾಯಿತೆಂದು ತಿಳಿದು, ಸರಿಯಾದ ದತ್ತಾಂಶವನ್ನು ಲೆಕ್ಕ ಹಾಕಿ ಮರಳಿ ಬರೆಯಲು ಹೋಗುತ್ತದೆ. ಸಂಪರ್ಕ ಕಡಿದಿರುವ ಕಾರಣ ಆ ಬರಹವೂ ವಿಫಲವಾಗುತ್ತದೆ. ಓದಿನ ದೋಷವನ್ನು ಸಹಿಸುವ ಎಂಡಿ, ಬರಹದ ದೋಷವನ್ನು ಸಹಿಸುವುದಿಲ್ಲ. ಡ್ರೈವ್ ಕೆಟ್ಟಿದೆಯೆಂದು ಗುರುತಿಸಿ ಸಮೂಹದಿಂದ ತೆಗೆದುಹಾಕುತ್ತದೆ.

ಹೀಗೆ ಹೊರಬಿದ್ದ ಡ್ರೈವನ್ನು ಬಿಡಿಯಾಗಿ ಪರೀಕ್ಷಿಸಿದರೆ ಬಹುಪಾಲು ಸರಿಯಾಗಿಯೇ ಕಾಣುತ್ತದೆ. ಅದನ್ನು ಮತ್ತೆ ಸೇರಿಸಿ ಸಮೂಹವನ್ನು ಪುನರ್ನಿರ್ಮಿಸುವಾಗ ಉಳಿದ ಡ್ರೈವ್‌ಗಳ ಪ್ರತಿಯೊಂದು ಸೆಕ್ಟರನ್ನೂ ಓದಬೇಕಾಗುತ್ತದೆ. ಆಗ ಇನ್ನೊಂದು ಡ್ರೈವ್‌ನಲ್ಲಿ ಅಡಗಿದ್ದ ಸುಪ್ತ ದೋಷ ಹೊರಬೀಳುವ ಸಾಧ್ಯತೆ ಹೆಚ್ಚು. ಅದಕ್ಕೂ ಅದೇ ಗತಿಯಾದರೆ ರೇಯ್ಡ್ 5 ಸಮೂಹದಲ್ಲಿ ಎರಡು ಡ್ರೈವ್‌ಗಳು ಹೋದಂತಾಗಿ ಸಮೂಹ ನಿಂತುಬಿಡುತ್ತದೆ. ಎರಡು ಡ್ರೈವ್‌ಗಳೂ ಯಾಂತ್ರಿಕವಾಗಿ ಚೆನ್ನಾಗಿದ್ದು, ಒಂದೊಂದು ಸೆಕ್ಟರ್ ಮಾತ್ರ ಕೆಟ್ಟಿದ್ದರೂ ಹೀಗಾಗಬಹುದು. ನಾಲ್ಕು ಟೆರಾಬೈಟ್‌ನ ನಾಲ್ಕು ಡ್ರೈವ್‌ಗಳ ರೇಯ್ಡ್ 5ರಲ್ಲಿ ಪುನರ್ನಿರ್ಮಾಣಕ್ಕೆ 12 ಟೆರಾಬೈಟ್ ಓದಬೇಕು; ಮೇಲೆ ಹೇಳಿದ ಮನೆ ಬಳಕೆಯ ಮಿತಿಗೆ ಇದು ತೀರ ಹತ್ತಿರ.

ತಯಾರಕರ ಹೆಸರುಗಳು ಮತ್ತು ಮಾನಕಗಳು

ಈ ಸೌಲಭ್ಯವನ್ನು ತಯಾರಕರು ಬೇರೆ ಬೇರೆ ಹೆಸರಿನಿಂದ ಕರೆಯುತ್ತಾರೆ. ವೆಸ್ಟರ್ನ್ ಡಿಜಿಟಲ್‌ನಲ್ಲಿ ಅದು ಟೈಮ್ ಲಿಮಿಟೆಡ್ ಎರರ್ ರಿಕವರಿ, ಸಂಕ್ಷಿಪ್ತವಾಗಿ ಟಿಎಲ್‌ಇಆರ್. ಸೀಗೇಟ್ ಎರರ್ ರಿಕವರಿ ಕಂಟ್ರೋಲ್ ಅಥವಾ ಇಆರ್‌ಸಿ ಎನ್ನುತ್ತದೆ. ಸ್ಯಾಮ್‌ಸಂಗ್ ಮತ್ತು ಹಿಟಾಚಿ ಡ್ರೈವ್‌ಗಳಲ್ಲಿ ಕಮಾಂಡ್ ಕಂಪ್ಲೀಷನ್ ಟೈಮ್ ಲಿಮಿಟ್, ಅಂದರೆ ಸಿಸಿಟಿಎಲ್ ಎಂಬ ಹೆಸರಿತ್ತು. ಹೆಸರು ಯಾವುದಾದರೂ ಕೆಲಸ ಒಂದೇ.

ಎಟಿಎ ಮಾನಕದ ಎಂಟನೆಯ ಪೀಳಿಗೆಯಲ್ಲಿ ಇದಕ್ಕೆ ಸಾಮಾನ್ಯ ರೂಪ ದೊರೆಯಿತು. ಸ್ಮಾರ್ಟ್ ಕಮಾಂಡ್ ಟ್ರಾನ್ಸ್‌ಪೋರ್ಟ್, ಅಂದರೆ ಎಸ್‌ಸಿಟಿ ಎಂಬ ವಿಧಾನದ ಮೂಲಕ ಓದಿನ ಗಡುವು ಮತ್ತು ಬರಹದ ಗಡುವುಗಳನ್ನು ಪ್ರತ್ಯೇಕವಾಗಿ ಹೊಂದಿಸಬಹುದು, ಈಗಿನ ಮೌಲ್ಯವನ್ನು ಕೇಳಿ ತಿಳಿಯಬಹುದು. ಅಳತೆಯ ಏಕಮಾನ ಸೆಕೆಂಡಿನ ಹತ್ತನೆಯ ಒಂದು ಭಾಗ. ಆದ್ದರಿಂದ 70 ಎಂದರೆ 7 ಸೆಕೆಂಡು. ಸೊನ್ನೆ ಎಂದರೆ ಮಿತಿಯಿಲ್ಲ, ಡ್ರೈವ್ ತನಗೆ ಗೊತ್ತಿರುವ ಎಲ್ಲ ಕ್ರಮಗಳನ್ನೂ ಮುಗಿಸಬಹುದು ಎಂದರ್ಥ. ಸ್ಕಜಿ ಮತ್ತು ಎಸ್‌ಎಎಸ್ ಡ್ರೈವ್‌ಗಳಲ್ಲಿ ಇಂಥ ಹತೋಟಿ ಇದಕ್ಕೂ ಹಳೆಯದು. ಅವುಗಳ ಓದು-ಬರಹ ದೋಷ ಚೇತರಿಕೆಯ ಮೋಡ್ ಪುಟದಲ್ಲಿ ಮರುಪ್ರಯತ್ನಗಳ ಸಂಖ್ಯೆಯ ಜೊತೆಗೆ ಚೇತರಿಕೆಯ ಕಾಲಮಿತಿಯನ್ನೂ ಮಿಲಿಸೆಕೆಂಡುಗಳಲ್ಲಿ ನಮೂದಿಸುವ ಸ್ಥಾನವಿದೆ.

ವೆಸ್ಟರ್ನ್ ಡಿಜಿಟಲ್‌ನ ಹಳೆಯ ಮೇಜುಗಣಕ ಡ್ರೈವ್‌ಗಳಲ್ಲಿ ಡಾಸ್‌ನಲ್ಲಿ ಓಡುವ ಸಣ್ಣ ತಂತ್ರಾಂಶವೊಂದರಿಂದ ಟಿಎಲ್‌ಇಆರ್ ಚಾಲೂ ಮಾಡಲು ಬರುತ್ತಿತ್ತು. 2009ರ ಸುಮಾರಿನಿಂದ ಬಂದ ಅಂಥ ಡ್ರೈವ್‌ಗಳಲ್ಲಿ ಆ ಅವಕಾಶ ಇಲ್ಲವಾಯಿತು. ಆಮೇಲೆ ಈ ಸೌಲಭ್ಯ ಹೆಚ್ಚಾಗಿ ಉದ್ದಿಮೆ ದರ್ಜೆಯ ಡ್ರೈವ್‌ಗಳಲ್ಲಿ, 2012ರಲ್ಲಿ ಬಂದ ವೆಸ್ಟರ್ನ್ ಡಿಜಿಟಲ್ ರೆಡ್, ಬಳಿಕ ಬಂದ ಸೀಗೇಟ್ ಐರನ್‌ವುಲ್ಫ್‌ನಂಥ ನಾಸ್ ಡ್ರೈವ್‌ಗಳಲ್ಲಿ ಉಳಿಯಿತು. ಈ ಬಗೆಯ ಡ್ರೈವ್‌ಗಳು ಸಾಮಾನ್ಯವಾಗಿ 7 ಸೆಕೆಂಡಿನ ಮಿತಿಯನ್ನು ಹೊತ್ತೇ ಬರುತ್ತವೆ. ಮನೆ ಬಳಕೆಯ ಡ್ರೈವ್‌ಗಳಲ್ಲಿ ಕೆಲವು ಸೌಲಭ್ಯವಿದ್ದರೂ ಅದನ್ನು ನಿಷ್ಕ್ರಿಯವಾಗಿಟ್ಟಿರುತ್ತವೆ. ಹಲವು ಅದನ್ನು ಬೆಂಬಲಿಸುವುದೇ ಇಲ್ಲ.

ಲಿನಕ್ಸ್‌ನಲ್ಲಿ ಹೊಂದಿಸುವ ಕ್ರಮ

ಸ್ಮಾರ್ಟ್‌ಮನ್‌ಟೂಲ್ಸ್ ಎಂಬ ಮುಕ್ತ ತಂತ್ರಾಂಶದ ಸ್ಮಾರ್ಟ್‌ಸಿಟಿಎಲ್ ಆಜ್ಞೆ ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿದೆ. ಲಾಗ್ ಆಯ್ಕೆಗೆ ಎಸ್‌ಸಿಟಿಇಆರ್‌ಸಿ ಎಂಬ ಪದ ಕೊಟ್ಟರೆ ಡ್ರೈವ್‌ನ ಈಗಿನ ಸ್ಥಿತಿ ತಿಳಿಯುತ್ತದೆ. ಉತ್ತರ ಮೂರು ಬಗೆಯಲ್ಲಿ ಬರಬಹುದು: ಓದು ಮತ್ತು ಬರಹದ ಮಿತಿಗಳ ಮೌಲ್ಯ, ಸೌಲಭ್ಯ ನಿಷ್ಕ್ರಿಯವಾಗಿದೆ ಎಂಬ ಸೂಚನೆ, ಅಥವಾ ಡ್ರೈವ್ ಈ ಆಜ್ಞೆಯನ್ನು ಬೆಂಬಲಿಸುವುದಿಲ್ಲ ಎಂಬ ಸಂದೇಶ. ಬೆಂಬಲವಿದ್ದರೆ ಅದೇ ಪದದ ಮುಂದೆ ಅಲ್ಪವಿರಾಮ ಹಾಕಿ 70 ಮತ್ತು 70 ಎಂಬ ಸಂಖ್ಯೆಗಳನ್ನು ಕೊಟ್ಟಾಗ ಎರಡೂ ಮಿತಿಗಳು 7 ಸೆಕೆಂಡಿಗೆ ನಿಲ್ಲುತ್ತವೆ. 6.5 ಸೆಕೆಂಡಿಗಿಂತ ಕಡಿಮೆ ಮೌಲ್ಯವನ್ನು ಡ್ರೈವ್‌ಗಳು ಒಪ್ಪದೆ ಹೋಗುವ ಸಂಭವವಿದೆ. ಯುಎಸ್‌ಬಿ ಪೆಟ್ಟಿಗೆಯೊಳಗಿನ ಡ್ರೈವ್‌ಗಳ ಮಟ್ಟಿಗೆ, ನಡುವಿನ ಪರಿವರ್ತಕ ಚಿಪ್ ಈ ಆಜ್ಞೆಯನ್ನು ದಾಟಿಸದೆ ತಡೆಯುವುದೂ ಉಂಟು.

ಹೀಗೆ ಕೊಟ್ಟ ಮೌಲ್ಯ ವಿದ್ಯುತ್ ಹೋದೊಡನೆ ಅಳಿಸಿಹೋಗುತ್ತದೆ. ಗಣಕವನ್ನು ಪ್ರತಿ ಬಾರಿ ಚಾಲೂ ಮಾಡಿದಾಗಲೂ ಅದನ್ನು ಹೊಸದಾಗಿ ಕೊಡಬೇಕು. ಗಣಕ ಆರಂಭವಾಗುವಾಗ ಓಡುವ ಸ್ಕ್ರಿಪ್ಟ್ ಒಂದನ್ನು ಬರೆದಿಡುವುದು ಸರಳ ಉಪಾಯವಾದರೂ ಅದರಲ್ಲಿ ಒಂದು ಕೊರತೆಯಿದೆ: ಗಣಕ ಓಡುತ್ತಿರುವಾಗಲೇ ಕೆಟ್ಟ ಡ್ರೈವ್ ತೆಗೆದು ಹೊಸದನ್ನು ಸಿಕ್ಕಿಸಿದರೆ ಅದಕ್ಕೆ ಮಿತಿ ಅನ್ವಯಿಸುವುದಿಲ್ಲ. ಪುನರ್ನಿರ್ಮಾಣ ನಡೆಯುವುದು ಆ ಹೊತ್ತಿನಲ್ಲೇ ಆದ್ದರಿಂದ ಇದು ಉಪೇಕ್ಷಿಸುವ ವಿಷಯವಲ್ಲ. ಡ್ರೈವ್ ಕಾಣಿಸಿಕೊಂಡಾಗಲೆಲ್ಲ ತಾನಾಗಿ ಜಾರಿಗೆ ಬರುವ ಯುಡೆವ್ ನಿಯಮ ಈ ಕೊರತೆಯನ್ನು ತುಂಬುತ್ತದೆ. ಸ್ಮಾರ್ಟ್‌ಡಿ ಎಂಬ ಹಿನ್ನೆಲೆ ಸೇವೆಯ ಸಂರಚನಾ ಕಡತದಲ್ಲಿಯೂ ಮಿತಿಯನ್ನು ನಮೂದಿಸಬಹುದು. ಎಟಿಎ ಮಾನಕದ ಈಚಿನ ಆವೃತ್ತಿಯನ್ನು ಅನುಸರಿಸುವ ಕೆಲವು ಡ್ರೈವ್‌ಗಳಲ್ಲಿ ಮಾತ್ರ ಮೌಲ್ಯವನ್ನು ಶಾಶ್ವತವಾಗಿ ಉಳಿಸುವ ಆಯ್ಕೆಯಿದೆ.

ಸೌಲಭ್ಯವೇ ಇಲ್ಲದ ಡ್ರೈವ್‌ಗೆ ಹೊಂದಾಣಿಕೆಯನ್ನು ಇನ್ನೊಂದು ತುದಿಯಿಂದ ಮಾಡಬೇಕಾಗುತ್ತದೆ. ಡ್ರೈವ್ ಬೇಗ ಕೈಬಿಡುವಂತೆ ಮಾಡಲಾಗದಿದ್ದರೆ ಕರ್ನಲ್ ಹೆಚ್ಚು ಹೊತ್ತು ಕಾಯುವಂತೆ ಮಾಡಬಹುದು. ಕರ್ನಲ್‌ನ ಸಿಸ್ ಕೋಶದಲ್ಲಿ ಪ್ರತಿ ಡ್ರೈವ್‌ಗೂ ಡಿವೈಸ್ ಎಂಬ ಉಪಕೋಶವಿದ್ದು, ಅದರೊಳಗಿನ ಟೈಮ್‌ಔಟ್ ಎಂಬ ಕಡತಕ್ಕೆ 30ರ ಬದಲು 180 ಎಂದು ಬರೆದರೆ ಗಡುವು ಮೂರು ನಿಮಿಷವಾಗುತ್ತದೆ. ಕೆಟ್ಟ ಸೆಕ್ಟರ್ ಸಿಕ್ಕಾಗ ಸಮೂಹ ಒಂದೆರಡು ನಿಮಿಷ ಸ್ತಬ್ಧವಾಗುವುದು ಇದರ ಬೆಲೆ. ಡ್ರೈವ್ ಹೊರಬೀಳದೆ ಉಳಿಯುವುದು ಲಾಭ. ಹಲವು ಜನ ಕಾಯುತ್ತಿರುವ ಸರ್ವರ್‌ಗೆ ಇಷ್ಟು ದೀರ್ಘ ಸ್ತಬ್ಧತೆ ಸಹ್ಯವಾಗದು. ಮನೆಯ ಶೇಖರಣಾ ಯಂತ್ರಕ್ಕೆ ಸಾಕು. ಈ ಮೌಲ್ಯವೂ ಗಣಕ ಮರುಚಾಲೂ ಆದಾಗ ಹಿಂದಿನ ಸ್ಥಿತಿಗೆ ಮರಳುತ್ತದೆ.

ಯಂತ್ರಾಂಶ ಕಂಟ್ರೋಲರ್‌ಗಳು ಮತ್ತು ಇತರ ವ್ಯವಸ್ಥೆಗಳು

ಯಂತ್ರಾಂಶ ರೇಯ್ಡ್ ಕಂಟ್ರೋಲರ್‌ಗಳು ಲಿನಕ್ಸ್‌ಗಿಂತ ಕಡಿಮೆ ಹೊತ್ತು ಕಾಯುತ್ತವೆ. ಹಲವು ಕಂಟ್ರೋಲರ್‌ಗಳ ಗಡುವು 8 ಸೆಕೆಂಡಿನ ಆಸುಪಾಸಿನಲ್ಲಿರುವುದರಿಂದಲೇ ಡ್ರೈವ್‌ಗಳಿಗೆ 7 ಸೆಕೆಂಡಿನ ಮಿತಿ ರೂಢಿಯಾಯಿತು. ಇಂಥ ಕಾರ್ಡ್‌ಗಳಲ್ಲಿ ಗಡುವನ್ನು ಬದಲಿಸುವ ಅವಕಾಶ ಬಹುವಾಗಿ ಇರುವುದಿಲ್ಲ. ಆದ್ದರಿಂದ ಸೌಲಭ್ಯವಿಲ್ಲದ ಮನೆ ಬಳಕೆಯ ಡ್ರೈವ್‌ಗಳನ್ನು ಅವುಗಳಿಗೆ ಜೋಡಿಸುವುದು ತಂತ್ರಾಂಶ ರೇಯ್ಡ್‌ಗಿಂತ ಹೆಚ್ಚು ಅಪಾಯಕಾರಿ. ಕಂಟ್ರೋಲರ್ ತಯಾರಕರು ಪ್ರಕಟಿಸುವ ಹೊಂದಾಣಿಕೆಯ ಪಟ್ಟಿಯಲ್ಲಿರುವ ಡ್ರೈವ್ ಆರಿಸುವುದೊಂದೇ ಖಚಿತ ಮಾರ್ಗ.

ವಿಂಡೋಸ್‌ನಲ್ಲಿ ಡಿಸ್ಕ್ ಸೇವೆಯ ರಿಜಿಸ್ಟ್ರಿ ವಿಭಾಗದಲ್ಲಿರುವ ಟೈಮ್‌ಔಟ್‌ವ್ಯಾಲ್ಯೂ ಎಂಬ ನಮೂದು ಈ ಗಡುವನ್ನು ಸೆಕೆಂಡುಗಳಲ್ಲಿ ನಿರ್ಧರಿಸುತ್ತದೆ. ಇತ್ತೀಚಿನ ಆವೃತ್ತಿಗಳಲ್ಲಿ ಅದು ಸಾಮಾನ್ಯವಾಗಿ 60. ಫ್ರೀಬಿಎಸ್‌ಡಿಯಲ್ಲಿ ಸಾಟಾ ಡ್ರೈವ್‌ಗಳ ಪೂರ್ವನಿಗದಿತ ಗಡುವು 30 ಸೆಕೆಂಡಾಗಿದ್ದು, ಕರ್ನಲ್‌ನ ಸಿಸ್ಟಮ್ ಚರದ ಮೂಲಕ ಬದಲಿಸಬಹುದು. ಝಡ್‌ಎಫ್‌ಎಸ್ ಕಡತ ವ್ಯವಸ್ಥೆ ಪ್ರತಿ ದತ್ತಾಂಶ ಖಂಡಕ್ಕೂ ಚೆಕ್‌ಸಮ್ ಇಟ್ಟಿರುವುದರಿಂದ, ಡ್ರೈವ್ ದೋಷವೆಂದು ಹೇಳದೆ ತಪ್ಪು ದತ್ತಾಂಶ ಕೊಟ್ಟರೂ ಅದನ್ನು ಹಿಡಿದು ಇನ್ನೊಂದು ಪ್ರತಿಯಿಂದ ಸರಿಪಡಿಸುತ್ತದೆ. ಆದರೆ ಉತ್ತರವೇ ಕೊಡದ ಡ್ರೈವ್‌ಗಾಗಿ ಅದೂ ಕೆಳಗಿನ ಚಾಲಕ ತಂತ್ರಾಂಶದ ಗಡುವಿನವರೆಗೆ ಕಾಯಬೇಕು. ಹೀಗಾಗಿ ಅಲ್ಲಿಯೂ ಈ ಮಿತಿ ಪ್ರಯೋಜನಕಾರಿಯೇ.

ಸಮೂಹದ ಸ್ಥಿತಿಗೆ ತಕ್ಕ ಮೌಲ್ಯ

ಯಾವ ಮೌಲ್ಯ ಸರಿ ಎಂಬುದು ದತ್ತಾಂಶದ ಇನ್ನೊಂದು ಪ್ರತಿ ಎಲ್ಲಿದೆ ಎಂಬುದನ್ನು ಅವಲಂಬಿಸಿದೆ. ಹೆಚ್ಚುವರಿ ಮಾಹಿತಿ ಇರುವ ರೇಯ್ಡ್ 1, 5, 6 ಮತ್ತು 10 ಸಮೂಹಗಳಿಗೆ 7 ಸೆಕೆಂಡು ಸೂಕ್ತ. ಒಂಟಿ ಡ್ರೈವ್ ಮತ್ತು ರೇಯ್ಡ್ 0ಗೆ ಮಿತಿ ಹಾಕಬಾರದು. ಅಲ್ಲಿ ಡ್ರೈವ್ ಕೈಬಿಟ್ಟ ಸೆಕ್ಟರನ್ನು ಮರಳಿ ತರುವ ಬೇರೆ ದಾರಿಯಿಲ್ಲ. ಮಿತಿಯನ್ನು ಸೊನ್ನೆಗಿಟ್ಟು ಕರ್ನಲ್‌ನ ಗಡುವನ್ನು ಹಿಗ್ಗಿಸುವುದೇ ಲೇಸು.

ಒಂದು ಡ್ರೈವ್ ಕಳೆದುಕೊಂಡ ರೇಯ್ಡ್ 5 ಅಥವಾ ಎರಡು ಡ್ರೈವ್‌ಗಳ ರೇಯ್ಡ್ 1 ಈ ದೃಷ್ಟಿಯಿಂದ ರೇಯ್ಡ್ 0ರ ಸಾಲಿಗೆ ಸೇರುತ್ತದೆ. ಉಳಿದ ಡ್ರೈವ್‌ಗಳಲ್ಲಿ ಕೆಟ್ಟ ಸೆಕ್ಟರ್ ಎದುರಾದರೆ ಸಮೂಹದ ಬಳಿ ಪರ್ಯಾಯವಿಲ್ಲ. 7 ಸೆಕೆಂಡಿನಲ್ಲಿ ಓದಲಾಗದ್ದನ್ನು ಎರಡು ನಿಮಿಷದಲ್ಲಿ ಡ್ರೈವ್ ಓದಿಬಿಡಬಹುದು. ಅದಕ್ಕಾಗಿ ಪುನರ್ನಿರ್ಮಾಣ ಆರಂಭಿಸುವ ಮೊದಲು ಉಳಿದ ಡ್ರೈವ್‌ಗಳ ಮಿತಿಯನ್ನು ತೆಗೆದು, ಕರ್ನಲ್‌ನ ಗಡುವನ್ನು 180 ಸೆಕೆಂಡಿಗೆ ಏರಿಸಿ, ಸಮೂಹ ಪೂರ್ಣಗೊಂಡ ಬಳಿಕ ಹಳೆಯ ಮೌಲ್ಯಗಳಿಗೆ ಮರಳುವುದು ವಿವೇಕದ ಕ್ರಮ. ಒಂದು ಡ್ರೈವ್ ಕಳೆದುಕೊಂಡ ರೇಯ್ಡ್ 6ರಲ್ಲಿ ಇನ್ನೂ ಒಂದು ಪ್ಯಾರಿಟಿ ಉಳಿದಿರುವುದರಿಂದ ಇದರ ಅಗತ್ಯ ಬೀಳುವುದಿಲ್ಲ. ಯಂತ್ರಾಂಶ ಕಂಟ್ರೋಲರ್‌ನ ಗಡುವನ್ನು ಹಿಗ್ಗಿಸಲು ಬರದ ಕಡೆ ಈ ಕ್ರಮವನ್ನು ಅನುಸರಿಸುವಂತಿಲ್ಲ.

ಡ್ರೈವ್‌ನ ಮಿತಿಗೂ ಕರ್ನಲ್‌ನ ಗಡುವಿಗೂ ನಡುವೆ ಸಾಕಷ್ಟು ಅಂತರವಿರಬೇಕು. ಒಂದರ ಹಿಂದೊಂದು ಕೆಟ್ಟ ಸೆಕ್ಟರ್‌ಗಳು ಬಂದಾಗ ಸಾಲಿನಲ್ಲಿ ಹಿಂದಿರುವ ಆಜ್ಞೆಗಳ ತಡ ಕೂಡುತ್ತ ಹೋಗುತ್ತದೆ. 25 ಸೆಕೆಂಡಿನ ಮಿತಿ 30 ಸೆಕೆಂಡಿನ ಗಡುವಿಗೆ ಲೆಕ್ಕದಲ್ಲಿ ಹೊಂದಿದರೂ ವ್ಯವಹಾರದಲ್ಲಿ ಸಾಲದು.

ನಿಯತ ಪರಿಶೀಲನೆ

ಗಡುವುಗಳನ್ನು ಸರಿಪಡಿಸುವುದರ ಪೂರ್ಣ ಫಲ ಸಿಗಬೇಕಾದರೆ ಸಮೂಹದ ಎಲ್ಲ ಸೆಕ್ಟರ್‌ಗಳನ್ನೂ ಕಾಲಕಾಲಕ್ಕೆ ಓದಿ ನೋಡಬೇಕು. ಸಮೂಹ ಪೂರ್ಣವಾಗಿರುವಾಗಲೇ ಸುಪ್ತ ದೋಷಗಳು ಹೊರಬಂದರೆ ಅವು ಅಲ್ಲಿಯೇ ಸರಿಯಾಗುತ್ತವೆ. ಡ್ರೈವ್ ಹೋದ ಮೇಲೆ ಹೊರಬಂದರೆ ದತ್ತಾಂಶ ನಷ್ಟವಾಗುತ್ತದೆ. ಎಂಡಿ ಸಮೂಹಕ್ಕೆ ಸಿಂಕ್ ಆಕ್ಷನ್ ಎಂಬ ಕಡತದಲ್ಲಿ ಚೆಕ್ ಎಂದು ಬರೆದರೆ ಈ ಪರಿಶೀಲನೆ ಆರಂಭವಾಗುತ್ತದೆ. ಡೆಬಿಯನ್‌ನಲ್ಲಿ ಇದು ಪ್ರತಿ ತಿಂಗಳ ಮೊದಲ ಭಾನುವಾರ ತಾನಾಗಿ ನಡೆಯುವಂತೆ ಏರ್ಪಾಡಿದೆ. ಝಡ್‌ಎಫ್‌ಎಸ್‌ನಲ್ಲಿ ಇದಕ್ಕೆ ಸ್ಕ್ರಬ್ ಎಂದೂ ಯಂತ್ರಾಂಶ ಕಂಟ್ರೋಲರ್‌ಗಳಲ್ಲಿ ಪೆಟ್ರೋಲ್ ರೀಡ್ ಎಂದೂ ಹೆಸರು. ಗಡುವುಗಳು ತಾಳೆಯಾಗದ ಸಮೂಹದಲ್ಲಿ ಇದೇ ಪರಿಶೀಲನೆ ಡ್ರೈವ್‌ಗಳನ್ನು ಹೊರಹಾಕುವ ಸಂದರ್ಭವಾಗಿಬಿಡಬಹುದು. ಹೊಂದಾಣಿಕೆ ಮೊದಲು, ಪರಿಶೀಲನೆ ಆಮೇಲೆ ಎಂಬ ಕ್ರಮ ಅದಕ್ಕಾಗಿಯೇ.

ಡ್ರೈವ್‌ನ ಸ್ಥಿತಿ ತಿಳಿಯಲು ಸ್ಮಾರ್ಟ್ ಅಂಕಿಗಳು ನೆರವಾಗುತ್ತವೆ. 197ನೆಯ ಗುಣಾಂಶ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳನ್ನು, 5ನೆಯದು ಮೀಸಲಿನಿಂದ ಬದಲಿಸಿದ ಸೆಕ್ಟರ್‌ಗಳನ್ನು ಎಣಿಸುತ್ತದೆ. ಪರಿಶೀಲನೆಯ ಬಳಿಕ ಬಾಕಿ ಸಂಖ್ಯೆ ಸೊನ್ನೆಗೆ ಇಳಿದರೆ ಮರುಬರಹ ಫಲಿಸಿದೆ ಎಂದು ತಿಳಿಯಬಹುದು. ಬದಲಿಸಿದ ಸೆಕ್ಟರ್‌ಗಳ ಸಂಖ್ಯೆ ಏರುತ್ತಲೇ ಇದ್ದರೆ ಡ್ರೈವ್ ಬದಲಿಸುವ ಕಾಲ ಬಂದಿದೆ.

ಮಿತಿಗಳು

ದೋಷ ಚೇತರಿಕೆ ನಿಯಂತ್ರಣ ಎಲ್ಲ ಬಗೆಯ ತಡವನ್ನೂ ತಡೆಯುವುದಿಲ್ಲ. ಪಥಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ ಎಸ್‌ಎಂಆರ್ ಡ್ರೈವ್‌ಗಳು ಸತತ ಬರಹದ ಒತ್ತಡದಲ್ಲಿ ಒಳಗಿನ ಮರುಜೋಡಣೆಗಾಗಿ ದೀರ್ಘಕಾಲ ನಿಧಾನವಾಗುತ್ತವೆ. ಇದು ಸೆಕ್ಟರ್ ದೋಷವಲ್ಲವಾದ್ದರಿಂದ ಈ ಮಿತಿಯಿಂದ ಪರಿಹಾರ ದೊರೆಯುವುದಿಲ್ಲ. ವೆಸ್ಟರ್ನ್ ಡಿಜಿಟಲ್‌ನ 2ರಿಂದ 6 ಟೆರಾಬೈಟ್‌ವರೆಗಿನ ಕೆಲವು ರೆಡ್ ಮಾದರಿಗಳು ಈ ತಂತ್ರ ಬಳಸುತ್ತವೆ ಎಂಬುದು 2020ರ ಏಪ್ರಿಲ್‌ನಲ್ಲಿ ಬಹಿರಂಗವಾದ ಬಳಿಕ, ಸಂಸ್ಥೆ ಸಾಂಪ್ರದಾಯಿಕ ಮುದ್ರಣದ ಡ್ರೈವ್‌ಗಳನ್ನು ರೆಡ್ ಪ್ಲಸ್ ಎಂದು ಬೇರ್ಪಡಿಸಿತು. ಕೇಬಲ್, ವಿದ್ಯುತ್ ಪೂರೈಕೆ ಮತ್ತು ಕಂಟ್ರೋಲರ್‌ನ ತೊಂದರೆಗಳೂ ಈ ಮಿತಿಯ ವ್ಯಾಪ್ತಿಗೆ ಹೊರಗಿನವು.

ತಿರುಗುವ ತಟ್ಟೆಗಳಿಲ್ಲದ ಎನ್‌ವಿಎಂಇ ಸಾಧನಗಳ ಮಾನಕದಲ್ಲಿಯೂ ದೋಷ ಚೇತರಿಕೆಯ ಕಾಲಮಿತಿಗೆ ಸ್ಥಾನವಿದೆ. ಅಲ್ಲಿಯೂ ಏಕಮಾನ ಸೆಕೆಂಡಿನ ಹತ್ತನೆಯ ಒಂದು ಭಾಗವೇ. ಲಿನಕ್ಸ್ ಆ ಸಾಧನಗಳಿಗೆ ಇಡುವ ಗಡುವೂ 30 ಸೆಕೆಂಡು. ಫ್ಲ್ಯಾಶ್ ಸ್ಮೃತಿಯಲ್ಲಿ ಮರುಓದು ಬಹು ವೇಗವಾಗಿ ಮುಗಿಯುವುದರಿಂದ ಗಡುವುಗಳ ಘರ್ಷಣೆ ಅಲ್ಲಿ ವಿರಳ.

ಗಡುವುಗಳನ್ನು ಎಷ್ಟೇ ಸರಿಯಾಗಿ ಹೊಂದಿಸಿದರೂ ರೇಯ್ಡ್ ಕಾಪಾಡುವುದು ಡ್ರೈವ್‌ಗಳ ವೈಫಲ್ಯದಿಂದ ಮಾತ್ರ. ಅಳಿಸಿದ ಕಡತ, ದುಷ್ಟ ತಂತ್ರಾಂಶ, ಬೆಂಕಿ ಮತ್ತು ಕಳವುಗಳಿಂದಾಗುವ ನಷ್ಟಕ್ಕೆ ಬೇರೆಡೆ ಇಟ್ಟ ಬ್ಯಾಕಪ್ ಒಂದೇ ರಕ್ಷಣೆ.